ಕಂಪನಿ ದುಡ್ಡು ತಗೊಳ್ಳುವ ಮೊದಲು: ಕೊಡಗಿನಲ್ಲಿ ಸ್ಟಾರ್ಟಪ್ ಕಟ್ಟುವವರಿಗೆ

ಪುತ್ತರಿ ಹಬ್ಬ ಮುಗಿದ ವಾರ ಗೋಣಿಕೊಪ್ಪದ ಕಡೆಯ ಇಬ್ಬರು ಹುಡುಗರು ನಮ್ಮ ಮನೆಗೆ ಬಂದಿದ್ದರು. ಕಣದಲ್ಲಿ ಕಾಫಿ ಒಣಗುವಾಗ ತೇವ ಎಷ್ಟಿದೆ ಅಂತ ಫೋನಿಗೆ ತಿಳಿಸುವ ಒಂದು ಸಣ್ಣ ಸಾಧನ ಮಾಡಿದ್ದಾರೆ. ಜೊತೆಗೆ ತೋಟದ ಗಡಿ ಗುರುತಿಸಿ, ಯಾವ ತೋಟದ ಚೆರಿ (ಕಾಫಿ ಹಣ್ಣು) ಯಾವ ಚೀಲಕ್ಕೆ ಹೋಯಿತು ಅಂತ ಬರೆದಿಡುವ ಆ್ಯಪ್. ಒಂದು ದೊಡ್ಡ ಆಹಾರ ಕಂಪನಿಯ ಹೂಡಿಕೆ ವಿಭಾಗದಿಂದ ಅವರಿಗೆ ಟರ್ಮ್ ಶೀಟ್, ಅಂದರೆ ಹೂಡಿಕೆಯ ಷರತ್ತುಗಳ ಕರಡು, ಬಂದಿತ್ತು. 2 ಕೋಟಿ ರೂಪಾಯಿ. ಇಬ್ಬರ ಮುಖದಲ್ಲೂ ಬೆಳಕು. ನಾನು ಕನ್ನಡಕ ಹಾಕಿಕೊಂಡು ಓದುತ್ತಾ ಹೋದೆ, ಎಂಟನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು: ಐದು ವರ್ಷ ಬೇರೆ ಯಾವ ಕಾಫಿ ಖರೀದಿದಾರನಿಗೂ ಈ ತಂತ್ರಜ್ಞಾನ ಕೊಡುವಂತಿಲ್ಲ.

ನಾನು ಬೆಂಗಳೂರಿನಲ್ಲಿ ಇಂಥದ್ದೇ ಒಂದು ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನು. ಅಂದರೆ ಮೇಜಿನ ಆ ಕಡೆ ಕೂತು ಇಂಥ ಸಾಲುಗಳನ್ನು ಬರೆಸಿದವನು. ಈಗ ಸುಂಟಿಕೊಪ್ಪದ ಹತ್ತಿರ ಅಪ್ಪನ ತೋಟ ನೋಡಿಕೊಂಡಿದ್ದೇನೆ. ಆ ಹುಡುಗರಿಗೆ ಮೂರು ಸಂಜೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರಿನವರಿಗೆ ಇದು ಹೊಸದೇನಲ್ಲ. ಮಳೆಗಾಲದಲ್ಲಿ ಮಕ್ಕಳ ಫೀಸಿಗೋ ಗೊಬ್ಬರಕ್ಕೋ ಕೈ ಖಾಲಿಯಾದಾಗ ಕಾಫಿ ವ್ಯಾಪಾರಿಯ ಹತ್ತಿರ ಮುಂಗಡ ತಗೊಳ್ಳುತ್ತೇವೆ. ಫೆಬ್ರವರಿಯಲ್ಲಿ ಚೆರಿ ಕಣದಿಂದ ನೇರ ಅವನ ಲಾರಿಗೆ ಹೋಗುತ್ತದೆ. ಔಟ್‌ಟರ್ನ್ (ಚೆರಿಯಿಂದ ಎಷ್ಟು ಬೀಜ ಬರುತ್ತದೆ ಅನ್ನುವ ಲೆಕ್ಕ) ಅವನು ನೋಡಿದ್ದು, ದರ ಅವನು ಹೇಳಿದ್ದು. ಪಕ್ಕದ ಮನೆಯವನಿಗೆ ಚೀಲಕ್ಕೆ ನಾಲ್ಕು ಕಾಸು ಜಾಸ್ತಿ ಸಿಕ್ಕಿದೆ ಅಂತ ಗೊತ್ತಾದರೂ ಕೇಳುವ ಬಾಯಿ ನಮಗೆ ಇರುವುದಿಲ್ಲ. ಹಾಗಂತ ಮುಂಗಡ ಕೊಟ್ಟವನು ಕೆಟ್ಟವನು ಅಂತ ಹೇಳುತ್ತಿಲ್ಲ, ಎಷ್ಟೋ ಮನೆ ಉಳಿದಿರುವುದು ಅದೇ ದುಡ್ಡಿನಿಂದ. ದೊಡ್ಡ ಕಂಪನಿ ಸ್ಟಾರ್ಟಪ್ಪಿಗೆ ಹಾಕುವ ದುಡ್ಡು, ಅಂದರೆ ಕಾರ್ಪೊರೇಟ್ ವೆಂಚರ್ ಕ್ಯಾಪಿಟಲ್, ಹೆಚ್ಚುಕಡಿಮೆ ಆ ಮುಂಗಡವೇ, ಜೊತೆಗೆ ಒಬ್ಬ ವಕೀಲ ಇರುತ್ತಾನೆ ಅಷ್ಟೇ.

ಇದು ಯಾವ ದುಡ್ಡು ಅಂತ ಮೊದಲು ತಿಳಿದುಕೊಳ್ಳಿ

ಮಾಮೂಲಿ ವೆಂಚರ್ ಫಂಡ್‌ನವರು ಬೇರೆಯವರ ದುಡ್ಡು ಒಟ್ಟು ಮಾಡಿ ಹೂಡುತ್ತಾರೆ. ಸಾಮಾನ್ಯವಾಗಿ ಹತ್ತು ವರ್ಷದ ಒಳಗೆ ಲಾಭ ಸೇರಿಸಿ ವಾಪಸ್ ಕೊಡಬೇಕು. ಅವರಿಗೆ ಬೇಕಾಗಿರುವುದು ಒಂದೇ, ನಿಮ್ಮ ಶೇರಿನ ಬೆಲೆ ಏರಬೇಕು. ಕಂಪನಿ ದುಡ್ಡು ಹಾಗಲ್ಲ. ಅದು ಕಾರು ಮಾಡುವ, ಸೋಪು ಮಾಡುವ, ಚಿಪ್ ಮಾಡುವ ಕಂಪನಿಯ ಸ್ವಂತ ದುಡ್ಡು. ಲಾಭ ಬೇಕು, ಅದರ ಜೊತೆ ಇನ್ನೊಂದು ಏನೋ ಬೇಕು. ಆ ‘ಇನ್ನೊಂದು’ ಏನು ಅಂತ ಕಂಡುಹಿಡಿಯುವುದೇ ನಿಮ್ಮ ಅರ್ಧ ಕೆಲಸ.

ಇದರ ಹಳೆಯ ಕಥೆ ಚೆನ್ನಾಗಿದೆ. 1914ರಲ್ಲಿ ಅಮೆರಿಕದ ಡ್ಯುಪಾಂಟ್ ಮನೆತನದವರು ಆಗಿನ್ನೂ ಹೊಸದಾಗಿದ್ದ ಜನರಲ್ ಮೋಟಾರ್ಸ್‌ನಲ್ಲಿ ದುಡ್ಡು ಹಾಕಿದರು, ಆಮೇಲೆ ಡ್ಯುಪಾಂಟ್ ಕಂಪನಿಯೂ ಹಾಕಿತು. ಅವರು ಪೇಂಟ್, ಬಟ್ಟೆ ಮಾಡುವವರು. ಕಾರಿಗೆ ಪೇಂಟ್ ಬೇಕು, ಸೀಟಿಗೆ ಬಟ್ಟೆ ಬೇಕು. ಕೊನೆಗೆ 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಈ 23 ಶೇಕಡಾ ಪಾಲಿನಿಂದ ಬೇರೆ ಪೇಂಟಿನವರಿಗೆ ಬಾಗಿಲು ಮುಚ್ಚಿದೆ ಅಂತ ಡ್ಯುಪಾಂಟ್ ವಿರುದ್ಧ ತೀರ್ಪು ಕೊಟ್ಟಿತು. ಶೇರು ಇದ್ದ ಕಡೆ ವ್ಯಾಪಾರವೂ ಹಿಂದೆಯೇ ಬರುತ್ತದೆ, ಅಲ್ವಾ.

ಇಂಟೆಲ್ 1991ರಲ್ಲಿ, ಗೂಗಲ್ 2009ರಲ್ಲಿ ಇಂಥ ವಿಭಾಗ ಶುರು ಮಾಡಿದವು. ನಮ್ಮಲ್ಲಿ ಇನ್ಫೋಸಿಸ್, ವಿಪ್ರೋ ಮಾಡಿವೆ. ಕೆಲವು ಕಂಪನಿಗಳಿಗೆ ಹೆಸರಿಟ್ಟ ಫಂಡ್ ಇರುತ್ತದೆ, ಕೆಲವು ಸುಮ್ನೆ ಬ್ಯಾಲೆನ್ಸ್ ಶೀಟಿನಿಂದಲೇ ಚೆಕ್ ಬರೆಯುತ್ತವೆ.

ಹೆಜ್ಜೆ 1: ಈ ದುಡ್ಡು ಬೇಕಾ ಅಂತ ಕೇಳಿಕೊಳ್ಳಿ

ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನರಿಗೆ ಬೇಕಾಗಿರುವುದು ಹೂಡಿಕೆ ಅಲ್ಲ, ಗಿರಾಕಿ. ದೊಡ್ಡ ಕಂಪನಿ ನಿಮ್ಮ ಸಾಧನ ಇಷ್ಟಪಟ್ಟರೆ ಮೊದಲು ಪರ್ಚೇಸ್ ಆರ್ಡರ್ ಕೇಳಿ. ‘ನೂರು ಸಾಧನ ಕೊಳ್ಳಿ, ಮುಂದಿನ ಕೊಯ್ಲಿನಲ್ಲಿ ನೋಡೋಣ’ ಅನ್ನಿ. ಕೊಳ್ಳುವುದಕ್ಕೆ ಹಿಂದೇಟು ಹಾಕಿ ಶೇರು ಮಾತ್ರ ಕೇಳುವ ಕಂಪನಿ ಇದ್ದರೆ ಅಲ್ಲೇ ತಲೆಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಬೇಕು.

ಸರ್ಕಾರದಿಂದ ಸಿಗುವ ದುಡ್ಡನ್ನೂ ನೋಡಿ, ಅನುದಾನಕ್ಕೆ ಶೇರು ಕೊಡಬೇಕಾಗಿಲ್ಲ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆಯಲ್ಲಿ ಮಾದರಿ ಸಿದ್ಧಪಡಿಸಲು 20 ಲಕ್ಷದವರೆಗೆ ಅನುದಾನ, ಮುಂದೆ ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಶೇರಾಗಿ ಬದಲಾಗುವ ನೋಟು ಅಂತ 2021ರಲ್ಲಿ ನಿಯಮ ಮಾಡಿದ್ದರು, ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಕೇಳಿಕೊಳ್ಳಿ. ಅರ್ಜಿ, ಪಿಚ್, ಕಾಯುವುದು ಎಲ್ಲಾ ಇದೆ. ಆದರೂ ಮೊದಲ ಮಾದರಿಯನ್ನು ಸರ್ಕಾರದ ದುಡ್ಡಿನಲ್ಲಿ ಮಾಡಿಕೊಂಡು ಬಂದವನಿಗೆ ಕಂಪನಿ ಮುಂದೆ ಕೂರುವಾಗ ಬೆನ್ನು ಸ್ವಲ್ಪ ನೆಟ್ಟಗಿರುತ್ತದೆ.

ಇನ್ನೊಂದು ಮಾತು. ಯಾವ ಕಾರಣಕ್ಕೂ ತೋಟ ಅಡ ಇಟ್ಟು ಸ್ಟಾರ್ಟಪ್ ನಡೆಸಬೇಡಿ. ನಮ್ಮಲ್ಲಿ ತೋಟ ಒಬ್ಬರದ್ದಾಗಿರುವುದು ಕಡಿಮೆ, ಒಕ್ಕದ (ಕೊಡವ ಮನೆತನದ) ಹೆಸರಲ್ಲೋ ಅಣ್ಣತಮ್ಮಂದಿರ ಜಂಟಿಯಲ್ಲೋ ಇರುತ್ತದೆ. ಆ್ಯಪ್ ಮುಳುಗಿದರೆ ಆ್ಯಪ್ ಮಾತ್ರ ಮುಳುಗಬೇಕು.

ಹೆಜ್ಜೆ 2: ಅವರಿಗೆ ಏನು ಬೇಕು ಅಂತ ಹುಡುಕಿ

ಈ ಹುಡುಗರ ವಿಷಯವನ್ನೇ ತಗೊಳ್ಳಿ. ತೇವ ಅಳೆಯುವ ಸಾಧನಕ್ಕೆ ಆ ಕಂಪನಿ 2 ಕೋಟಿ ಕೊಡುತ್ತಿಲ್ಲ. ಅವರ ಕಣ್ಣು ಇರುವುದು ತೋಟದ ಗಡಿ ಗುರುತಿಸುವ ಆ್ಯಪ್ ಮೇಲೆ. ಕಾರಣ ಯುರೋಪಿನಲ್ಲಿದೆ. ಅಲ್ಲಿ 2023ರಲ್ಲಿ ಬಂದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಜಿಪಿಎಸ್ ಗುರುತು ತೋರಿಸಬೇಕು, 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಗಡಿಯನ್ನೇ ನಕ್ಷೆಯಲ್ಲಿ ಎಳೆದು ಕೊಡಬೇಕು. ಜಾರಿಯ ದಿನ ಮುಂದೆ ಮುಂದೆ ಹೋಗಿದೆ, ಆದರೆ ದೊಡ್ಡ ಖರೀದಿದಾರರು ತಯಾರಿ ನಿಲ್ಲಿಸಿಲ್ಲ. ಭಾರತದ ಕಾಫಿಯಲ್ಲಿ ಬಹುಪಾಲು ಹೊರಗೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೊಡ್ಡ ಗಿರಾಕಿಗಳು. ದೇಶದ ಬೆಳೆಗಾರರಲ್ಲಿ ನೂರಕ್ಕೆ 98ರಷ್ಟು ಜನ 10 ಹೆಕ್ಟೇರ್‌ಗಿಂತ ಕಡಿಮೆ ಇರುವವರು. ಅಷ್ಟು ಸಣ್ಣ ಸಣ್ಣ ತೋಟಗಳ ಗಡಿ ಗುರುತಿಸಲು ಬೆಂಗಳೂರಿನಿಂದ ಸೂಟು ಹಾಕಿದವರು ಬಂದರೆ ನಾಯಿ ಬಿಡುತ್ತಾರೆ. ಊರಿನ ಹುಡುಗರು ಹೋದರೆ ಕಾಫಿ ಕೊಟ್ಟು ಕೂರಿಸುತ್ತಾರೆ. ಕಂಪನಿ ಕೊಳ್ಳುತ್ತಿರುವುದು ಆ ಕಾಫಿಯನ್ನು, ಆ ಕೂರಿಸುವಿಕೆಯನ್ನು.

ಇದು ಗೊತ್ತಾದ ಮೇಲೆ ಮಾತುಕತೆಯೇ ಬದಲಾಗುತ್ತದೆ. ನೀವು ದುಡ್ಡು ಬೇಡುವವರಾಗಿ ಉಳಿಯುವುದಿಲ್ಲ.

ಹುಡುಕುವುದು ಹೇಗೆ? ಲಿಸ್ಟೆಡ್ ಕಂಪನಿಯಾದರೆ ವಾರ್ಷಿಕ ವರದಿ ಓದಿ, ಅದರಲ್ಲಿ ಅಪಾಯಗಳ ಪಟ್ಟಿ ಇರುತ್ತದೆ, ಅಧ್ಯಕ್ಷರ ಪತ್ರಕ್ಕಿಂತ ಅದು ಜಾಸ್ತಿ ಸತ್ಯ ಹೇಳುತ್ತದೆ. ಅವರು ಈ ಮೊದಲು ದುಡ್ಡು ಹಾಕಿದ ಇಬ್ಬರು ಮೂವರು ಸ್ಥಾಪಕರಿಗೆ ಫೋನ್ ಮಾಡಿ. ಕಂಪನಿ ಕೊಟ್ಟ ಪಟ್ಟಿಯಲ್ಲಿ ಇರುವವರಿಗಲ್ಲ, ಪಟ್ಟಿಯಲ್ಲಿ ಬಿಟ್ಟುಹೋದವರಿಗೆ. ಒಂದೇ ಪ್ರಶ್ನೆ ಸಾಕು: ‘ಕೆಟ್ಟ ವರ್ಷದಲ್ಲಿ ಅವರು ಹೇಗಿದ್ದರು?’

ಹೆಜ್ಜೆ 3: ಯಾರ ಜೇಬು, ಯಾರ ಹಟ

ಮೊದಲ ಭೇಟಿಯಲ್ಲೇ ಕೇಳಿಬಿಡಿ. ಈ ದುಡ್ಡು ಶೇರು ಮಾರುಕಟ್ಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಪ್ರತ್ಯೇಕ ಫಂಡಿನದ್ದೋ, ಮಾತೃ ಕಂಪನಿಯ ಈ ವರ್ಷದ ಬಜೆಟ್ಟಿನದ್ದೋ? ಪ್ರತ್ಯೇಕ ಫಂಡ್ ಆದರೆ ಎರಡನೇ ಸುತ್ತಿನ ಹೂಡಿಕೆಗೂ ದುಡ್ಡು ಎತ್ತಿಟ್ಟಿರುತ್ತಾರೆ. ಬಜೆಟ್ಟಿನದ್ದಾದರೆ ಮಾರ್ಚ್ ಬಂದಾಗ ಎಲ್ಲಾ ಹೊಸದಾಗಿ ಶುರು.

ಮತ್ತೆ, ಒಳಗೆ ನಿಮ್ಮ ಪರವಾಗಿ ಹಟ ಹಿಡಿದವರು ಯಾರು? ಹೂಡಿಕೆ ವಿಭಾಗದವರು ಚೆಕ್ ಬರೆಯುತ್ತಾರೆ, ಆದರೆ ನಿಮ್ಮ ಸಾಧನ ಬಳಸಬೇಕಾದವರು ಖರೀದಿ ವಿಭಾಗದವರು. ಅವರಿಬ್ಬರು ಒಂದೇ ಕಟ್ಟಡದಲ್ಲಿದ್ದರೂ ವರ್ಷಕ್ಕೆ ಎರಡು ಸಲ ಮಾತಾಡಿದರೆ ಹೆಚ್ಚು. ನಾನು ಕೆಲಸ ಮಾಡಿದ ಕಡೆ ಒಂದು ಸ್ಟಾರ್ಟಪ್‌ಗೆ ದುಡ್ಡು ಹಾಕಿದೆವು, ಆರು ತಿಂಗಳಿಗೆ ಅದನ್ನು ಮೆಚ್ಚಿದ್ದ ಖರೀದಿ ಮುಖ್ಯಸ್ಥರು ಬೇರೆ ಕಡೆ ಹೋದರು, ಅವರ ಜಾಗಕ್ಕೆ ಬಂದವರಿಗೆ ಅದರ ಹೆಸರೂ ಗೊತ್ತಿರಲಿಲ್ಲ, ಪೈಲಟ್ (ಪ್ರಯೋಗಕ್ಕೆ ಮಾಡುವ ಮೊದಲ ಬಳಕೆ) ಅರ್ಧಕ್ಕೇ ನಿಂತಿತು, ಆದರೆ ಒಪ್ಪಂದದಲ್ಲಿದ್ದ ‘ಬೇರೆಯವರಿಗೆ ಮಾರುವಂತಿಲ್ಲ’ ಅನ್ನುವ ಸಾಲು ಮಾತ್ರ ಹಾಗೇ ಉಳಿಯಿತು. ಆ ಸ್ಥಾಪಕಿ ಎರಡು ವರ್ಷ ಕಾದರು. ಆ ಸಾಲು ಬರೆಸಿದವರಲ್ಲಿ ನಾನೂ ಒಬ್ಬ. ಈಗಲೂ ನೆನಪಾದರೆ ಮುಜುಗರ.

ದೊಡ್ಡವರಲ್ಲೂ ಇದೇ. ಇಂಟೆಲ್ 2025ರ ಜನವರಿಯಲ್ಲಿ ತನ್ನ ಹೂಡಿಕೆ ವಿಭಾಗವನ್ನು ಪ್ರತ್ಯೇಕ ಮಾಡುತ್ತೇವೆ ಅಂತ ಹೇಳಿತು. ಹೊಸ ಮುಖ್ಯಸ್ಥರು ಬಂದ ಮೇಲೆ, ಏಪ್ರಿಲ್‌ನಲ್ಲಿ, ಇಲ್ಲ ಮಾಡುವುದಿಲ್ಲ ಅಂತ ಆಯಿತು. ಮೂವತ್ತು ವರ್ಷ ದಾಟಿದ ಮನೆಯಲ್ಲೇ ಹೀಗಾದರೆ ನಿನ್ನೆ ಮೊನ್ನೆ ಶುರುವಾದ ವಿಭಾಗಗಳ ಪಾಡೇನು?

ಹಾಗಾಗಿ ಒಬ್ಬರನ್ನು ನಂಬಬೇಡಿ. ಖರೀದಿ, ಗುಣಮಟ್ಟ, ರಫ್ತು, ಹೀಗೆ ಕನಿಷ್ಠ ಇಬ್ಬರು ಬೇರೆ ಬೇರೆ ವಿಭಾಗದವರಿಗೆ ನಿಮ್ಮ ಮುಖ ಪರಿಚಯ ಇರಲಿ.

ಹೆಜ್ಜೆ 4: ಮನೆ ಗುಡಿಸಿಕೊಳ್ಳಿ

ಇದು ಬೇಸರದ ಭಾಗ, ಬೇಗ ಮುಗಿಸುತ್ತೇನೆ. ಶೇರು ಕೊಡಬೇಕಾದರೆ ಪ್ರೈವೇಟ್ ಲಿಮಿಟೆಡ್ ಕಂಪನಿ ಇರಬೇಕು. ಅಂಗಡಿ ಲೈಸೆನ್ಸಿನ ಮೇಲೆ ನಡೆಯುವ ವ್ಯವಹಾರಕ್ಕೆ ಯಾರೂ ದುಡ್ಡು ಹಾಕುವುದಿಲ್ಲ. ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ ಡಿಪಿಐಐಟಿಯಿಂದ ಸ್ಟಾರ್ಟಪ್ ಮಾನ್ಯತೆ ಮಾಡಿಸಿಕೊಳ್ಳಿ, ಆನ್‌ಲೈನ್‌ನಲ್ಲಿ ಆಗುತ್ತದೆ.

ಕೋಡ್ ಯಾರದ್ದು? ಕಾಲೇಜಿನಲ್ಲಿದ್ದಾಗ ಗೆಳೆಯ ಬರೆದುಕೊಟ್ಟಿದ್ದಾನೆ, ಅವನೀಗ ಜರ್ಮನಿಯಲ್ಲಿದ್ದಾನೆ ಅಂತಾದರೆ ಇವತ್ತೇ ಅವನಿಂದ ಹಕ್ಕು ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಸ್ನೇಹ ಚೆನ್ನಾಗಿರುವಾಗ ಒಂದು ಪುಟದ ಕೆಲಸ, 2 ಕೋಟಿಯ ಸುದ್ದಿ ಕೇಳಿದ ಮೇಲೆ ಅದೇ ಹತ್ತು ಪುಟ.

ನಮ್ಮ ಕಡೆಯ ವಿಶೇಷ ತೊಂದರೆ ಜಾಗ. ವರ್ಕ್‌ಶಾಪ್ ಅಪ್ಪನ ತೋಟದ ಹಳೆಯ ಗೋಡೌನಿನಲ್ಲಿ ಇರುತ್ತದೆ, ಬಾಡಿಗೆ ಕರಾರು ಇರುವುದಿಲ್ಲ, ಜಾಗ ಜಮ್ಮಾ ಬಾಣೆ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ), ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇನ್ನೂ ಇದೆ. ಬೆಂಗಳೂರಿನ ವಕೀಲರಿಗೆ ಜಮ್ಮಾ ಅಂದರೆ ಏನು ಅಂತ ಹೇಳಿ ಮುಗಿಸುವಷ್ಟರಲ್ಲಿ ಎರಡು ವಾರ ಹೋಗುತ್ತದೆ. ಸುಲಭದ ದಾರಿ: ಕಂಪನಿಯ ನೋಂದಾಯಿತ ಕಚೇರಿಯನ್ನು ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ದಾಖಲೆ ಸರಿ ಇರುವ ಒಂದು ಬಾಡಿಗೆ ಕೋಣೆಗೆ ಹಾಕಿ. ತೋಟದ ಜಾಗವನ್ನು ಕಂಪನಿಯ ಲೆಕ್ಕಕ್ಕೆ ತರಲೇಬೇಡಿ.

ಹೆಜ್ಜೆ 5: ಪೈಲಟ್ ತೋಟದಲ್ಲಿ ಆಗಲಿ, ಸರಿಯಾದ ತಿಂಗಳಲ್ಲಿ

ಹೂಡಿಕೆದಾರರನ್ನು ಅಕ್ಟೋಬರಿನಲ್ಲಿ ಕರೆಸಿದರೆ ಹಸಿರು ನೋಡಿ, ಫೋಟೋ ತೆಗೆದು, ಪಂದಿ ಕರಿ ತಿಂದು ಹೋಗುತ್ತಾರೆ. ಜನವರಿ ಫೆಬ್ರವರಿಯಲ್ಲಿ ಕರೆಸಿ. ರೋಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ, ಕಣ ತುಂಬಿರುತ್ತದೆ, ರೈಟರ್ ಚೀಲದ ಲೆಕ್ಕ ಬರೆಯುತ್ತಿರುತ್ತಾನೆ. ನಿಮ್ಮ ಸಾಧನ ಏನು ಉಳಿಸುತ್ತದೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಒಂದು ಸಲ ಜುಲೈನಲ್ಲೂ ಕರೆಸಿ. ಇದು ನನ್ನ ಹುಚ್ಚು ಸಲಹೆ ಅಂತ ಹುಡುಗರು ನಕ್ಕರು. ಮೂರು ದಿನ ಕರೆಂಟ್ ಇಲ್ಲ, ಸಿಗ್ನಲ್ ಇಲ್ಲ, ಕಾಲಿಗೆ ಜಿಗಣೆ. ಆಗಲೂ ನಿಮ್ಮ ಸಾಧನ ಲೆಕ್ಕ ಹಿಡಿದಿಟ್ಟು, ಸಿಗ್ನಲ್ ಬಂದಾಗ ಕಳಿಸುತ್ತದೆ ಅಂತ ಅವರು ಕಣ್ಣಾರೆ ಕಂಡರೆ ಮತ್ತೆ ಯಾರೂ ‘ಇದು ಸ್ಕೇಲ್ ಆಗುತ್ತಾ’ ಅಂತ ಕೇಳುವುದಿಲ್ಲ.

ಪೈಲಟ್‌ಗೆ ದುಡ್ಡು ತಗೊಳ್ಳಿ, ಕಡಿಮೆಯಾದರೂ ಪರವಾಗಿಲ್ಲ. ಬಿಟ್ಟಿ ಪೈಲಟ್ ಮುಗಿಯುವುದೇ ಇಲ್ಲ. ಎಷ್ಟು ತೋಟ, ಎಷ್ಟು ವಾರ, ಯಾವ ಅಳತೆ ಬಂದರೆ ಪಾಸು, ಪಾಸಾದರೆ ಮುಂದೇನು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ.

ಹೆಜ್ಜೆ 6: ಟರ್ಮ್ ಶೀಟ್ ಓದುವುದು

ಇಲ್ಲಿ ನಿಧಾನವಾಗಿ ಹೋಗೋಣ. ಎಲ್ಲರೂ ಮೊದಲು ನೋಡುವುದು ವ್ಯಾಲ್ಯುವೇಶನ್, ಅಂದರೆ ಕಂಪನಿಗೆ ಕಟ್ಟಿದ ಬೆಲೆ. ನಾನು ಅದನ್ನು ಕೊನೆಗೆ ನೋಡು ಅನ್ನುತ್ತೇನೆ. ಆದರೂ ಲೆಕ್ಕ ತಿಳಿದಿರಲಿ. ದುಡ್ಡು ಬರುವ ಮೊದಲು ಕಂಪನಿ ಬೆಲೆ 8 ಕೋಟಿ ಅಂತ ಒಪ್ಪಿ 2 ಕೋಟಿ ಹಾಕಿದರೆ, ನಂತರದ ಬೆಲೆ 10 ಕೋಟಿ, ಅವರ ಪಾಲು 20 ಶೇಕಡಾ. ನಿಮಗೆ 80 ಉಳಿಯಿತು ಅಂದುಕೊಂಡಿರಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ನೌಕರರಿಗೆ 10 ಶೇಕಡಾ ಶೇರು ಮೊದಲೇ ತೆಗೆದಿಡಬೇಕು’ ಅಂತ ಇದ್ದರೆ ಅದು ಹೋಗುವುದು ನಿಮ್ಮ ಪಾಲಿನಿಂದ, ಅವರದ್ದರಿಂದಲ್ಲ. ಉಳಿದದ್ದು 70.

ಕಂಪನಿಯವರು 20ರ ಹತ್ತಿರ ಬಂದು ಯಾಕೆ ನಿಲ್ಲುತ್ತಾರೆ ಗೊತ್ತಾ? ನಮ್ಮ ಕಂಪನಿ ಕಾಯಿದೆಯಲ್ಲಿ 20 ಶೇಕಡಾ ಮತದ ಹಕ್ಕು ಇದ್ದರೆ ‘ಸಹವರ್ತಿ ಕಂಪನಿ’ ಆಗುತ್ತದೆ. ಲೆಕ್ಕಪತ್ರದ ನಿಯಮದಲ್ಲೂ ಗೆರೆ ಅದೇ 20. ಆ ಗೆರೆ ಮುಟ್ಟಿದರೆ ನಿಮ್ಮ ನಷ್ಟದಲ್ಲಿ ಅವರ ಪಾಲನ್ನು ಅವರ ಲೆಕ್ಕದಲ್ಲಿ ತೋರಿಸಬೇಕು. ಹಿಂದೂಸ್ತಾನ್ ಯೂನಿಲಿವರ್ 2022ರ ಡಿಸೆಂಬರಿನಲ್ಲಿ ಪೋಷಕಾಂಶದ ಸ್ಟಾರ್ಟಪ್ ವೆಲ್‌ಬೀಯಿಂಗ್ ನ್ಯೂಟ್ರಿಷನ್‌ನಲ್ಲಿ 19.8 ಶೇಕಡಾ ತಗೊಳ್ಳುವುದಾಗಿ ಹೇಳಿತು. ಆ 19.8 ನೋಡಿ ನನಗೆ ನಗು ಬಂತು. ಅದೇ ದಿನ ಓಝಿವಾ ಅನ್ನುವ ಇನ್ನೊಂದು ಸ್ಟಾರ್ಟಪ್ಪಿನಲ್ಲಿ 51 ತಗೊಳ್ಳುವುದಾಗಿಯೂ ಹೇಳಿತು, ಅದು ನೇರ ಖರೀದಿಯ ದಾರಿ. ಶೇಕಡಾ ಎಷ್ಟು ಅಂತ ನೋಡಿದರೆ ಅವರ ಮನಸ್ಸಿನಲ್ಲಿ ಏನಿದೆ ಅಂತ ಅರ್ಧ ತಿಳಿಯುತ್ತದೆ.

ಲಿಕ್ವಿಡೇಶನ್ ಪ್ರಿಫರೆನ್ಸ್ ಅಂದರೆ ಕಂಪನಿ ಮಾರಿದಾಗ ಮೊದಲು ಯಾರು ಬಟ್ಟಲು ಹಿಡಿಯುತ್ತಾರೆ ಅನ್ನುವುದು. ‘ಒಂದು ಪಟ್ಟು, ನಾನ್ ಪಾರ್ಟಿಸಿಪೇಟಿಂಗ್’ ಅಂತ ಇದ್ದರೆ ಸರಿ. 6 ಕೋಟಿಗೆ ಮಾರಿದಿರಿ ಅಂತಿಟ್ಟುಕೊಳ್ಳಿ. ಅವರ 20 ಶೇಕಡಾ ಅಂದರೆ 1.2 ಕೋಟಿ, ಹಾಕಿದ್ದು 2 ಕೋಟಿ. ಯಾವುದು ಜಾಸ್ತಿಯೋ ಅದು, ಅಂದರೆ 2 ಕೋಟಿ ಅವರಿಗೆ, 4 ಕೋಟಿ ಉಳಿದವರಿಗೆ. ‘ಪಾರ್ಟಿಸಿಪೇಟಿಂಗ್’ ಅಂತ ಇದ್ದರೆ ಮೊದಲು 2 ಕೋಟಿ ತಗೊಂಡು, ಉಳಿದ 4ರಲ್ಲೂ 20 ಶೇಕಡಾ, ಒಟ್ಟು 2.8 ಕೋಟಿ. ಒಂದು ಪದಕ್ಕೆ 80 ಲಕ್ಷ.

ಈಗ ನಿಜವಾದ ಮುಳ್ಳುಗಳು. ಮೊದಲನೆಯದು ಬೇರೆಯವರಿಗೆ ಮಾರುವಂತಿಲ್ಲ ಅನ್ನುವ ಸಾಲು. ಪೂರ್ತಿ ತೆಗೆಸಲು ಆಗದಿದ್ದರೆ ಮೂರು ಕಡೆಯಿಂದ ಕತ್ತರಿಸಿ: ಕಾಲ ಒಂದು ವರ್ಷ, ಹೆಸರು ಹಿಡಿದು ಇಬ್ಬರು ಮೂವರು ಪ್ರತಿಸ್ಪರ್ಧಿಗಳಿಗೆ ಮಾತ್ರ, ಮತ್ತು ಅವರು ವರ್ಷಕ್ಕೆ ಇಷ್ಟು ಕೊಳ್ಳದಿದ್ದರೆ ಸಾಲು ತಾನಾಗಿ ಬಿದ್ದುಹೋಗಬೇಕು. ಮೂರನೆಯದು ಮುಖ್ಯ. ಬಾಗಿಲು ಮುಚ್ಚಿ ಅಂದವರು ಬಾಡಿಗೆ ಕೊಡಬೇಕು.

ಎರಡನೆಯದು ‘ರೋಫರ್’ ಅಂತ ಕರೆಯುವ ಹಕ್ಕು. ನಾಳೆ ನಿಮ್ಮ ಕಂಪನಿ ಕೊಳ್ಳಲು ಯಾರಾದರೂ ಬಂದರೆ, ಅದೇ ಬೆಲೆಗೆ ಮೊದಲು ಕೊಳ್ಳುವ ಹಕ್ಕು ಇವರದ್ದು. ಕೇಳಲು ಸಾದಾ. ಆದರೆ ಹೊರಗಿನವನು ಯೋಚಿಸುವುದು ಹೀಗೆ: ನಾನು ಮೂರು ತಿಂಗಳು ತಲೆ ಕೆಡಿಸಿಕೊಂಡು ಬೆಲೆ ಕಟ್ಟಿ, ಕೊನೆಗೆ ಇವನು ಅದೇ ಬೆಲೆಗೆ ಎತ್ತಿಕೊಂಡು ಹೋಗುವುದಾದರೆ ಯಾಕೆ ಬರಲಿ? ಅವನು ಬರುವುದೇ ಇಲ್ಲ. ಸಂತೆಯಲ್ಲಿ ಒಬ್ಬನೇ ಗಿರಾಕಿ ಇದ್ದಾಗ ದರ ಏನಾಗುತ್ತದೆ ಅಂತ ಕರಿಮೆಣಸು ಮಾರಿದವರಿಗೆ ಹೇಳಬೇಕಾಗಿಲ್ಲ. ಇದರ ಬದಲು ‘ಯಾರಾದರೂ ಬಂದರೆ ನಿಮಗೂ ತಿಳಿಸುತ್ತೇವೆ, ಹದಿನೈದು ದಿನದಲ್ಲಿ ನಿಮ್ಮ ಬೆಲೆ ಹೇಳಿ’ ಅನ್ನುವಷ್ಟಕ್ಕೆ ನಿಲ್ಲಿಸಿ.

ಮೂರನೆಯದು ಮಾಹಿತಿ. ಬೋರ್ಡಿನಲ್ಲಿ ಒಂದು ಕುರ್ಚಿ, ಇಲ್ಲವೇ ಮತ ಇಲ್ಲದೆ ಕೂತು ನೋಡುವ ಅಬ್ಸರ್ವರ್ ಕೇಳುತ್ತಾರೆ. ಕೊಡಿ. ಆದರೆ ಅವರ ಪ್ರತಿಸ್ಪರ್ಧಿಯ ಆರ್ಡರ್, ದರ, ಹೊಸ ಸಾಧನದ ನಕ್ಷೆ ಬೋರ್ಡಿನ ಮುಂದೆ ಬಂದಾಗ ಎದ್ದು ಹೊರಗೆ ಹೋಗಬೇಕು ಅಂತ ಬರೆಸಿ.

ಕಲಿಯಲು ಒಳ್ಳೆಯ ಉದಾಹರಣೆ ಬೆಂಗಳೂರಿನ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ ಏಥರ್. ಹೀರೋ ಮೋಟೋಕಾರ್ಪ್ 2016ರಲ್ಲಿ ಅದರಲ್ಲಿ ದೊಡ್ಡ ಪಾಲು ತಗೊಂಡಿತು, ಮುಂದೆಯೂ ದುಡ್ಡು ಹಾಕುತ್ತಾ ಬಂತು. 2022ರಲ್ಲಿ ಅದೇ ಹೀರೋ ವಿಡಾ ಅನ್ನುವ ತನ್ನದೇ ಎಲೆಕ್ಟ್ರಿಕ್ ಸ್ಕೂಟರ್ ತಂದಿತು. ಅಂದರೆ ದೊಡ್ಡ ಪಾಲುದಾರನೇ ಪಕ್ಕದ ಅಂಗಡಿ ತೆರೆದ ಹಾಗೆ. ಆದರೂ ಏಥರ್ ಉಳಿದುಕೊಂಡಿತು. ಬೇರೆ ಹೂಡಿಕೆದಾರರು ಇದ್ದರು, ಸ್ವಂತ ಬ್ರಾಂಡ್ ಇತ್ತು, 2025ರಲ್ಲಿ ಶೇರು ಮಾರುಕಟ್ಟೆಗೂ ಬಂತು. ಕಂಪನಿ ದುಡ್ಡು ತಗೊಂಡರೆ ಹಾಳು ಅಂತ ನಾನು ಹೇಳದಿರುವುದು ಇದಕ್ಕೇ. ಒಬ್ಬನೇ ಪಾಲುದಾರ ಇರಬಾರದು, ಅಷ್ಟೇ ನನ್ನ ಹಟ. ಸಾಧ್ಯವಾದರೆ ಅದೇ ಸುತ್ತಿನಲ್ಲಿ ಒಂದು ಮಾಮೂಲಿ ಫಂಡ್ ಸೇರಿಸಿ, ಬೆಲೆ ಕಟ್ಟುವ ಕೆಲಸ ಅವರಿಗೆ ಬಿಡಿ.

ಸ್ಥಾಪಕರ ವೈಯಕ್ತಿಕ ಹೊಣೆ ಅಂತ ಒಂದು ಭಾಗ ಬರುತ್ತದೆ. ನೀವು ಕೊಟ್ಟ ಮಾಹಿತಿ ತಪ್ಪಾದರೆ ನಷ್ಟ ಕಟ್ಟಿಕೊಡಬೇಕು ಅಂತ. ಅದಕ್ಕೆ ಒಂದು ಮಿತಿ, ಒಂದು ಅವಧಿ ಹಾಕಿಸಿ. ಮಿತಿ ಇಲ್ಲದಿದ್ದರೆ ಅದು ಸುತ್ತಿಕೊಂಡು ಕೊನೆಗೆ ತೋಟದ ಗೇಟಿಗೇ ಬರುತ್ತದೆ.

ಹೆಜ್ಜೆ 7: ಬೆಳೆಗಾರರ ಮುಖ ನೋಡಿ

ಇದನ್ನು ಯಾವ ವಕೀಲನೂ ಹೇಳುವುದಿಲ್ಲ. ಕಾಫಿ ಕೊಳ್ಳುವ ಕಂಪನಿ ನಿಮ್ಮ ಆ್ಯಪ್‌ನಲ್ಲಿ ಪಾಲುದಾರ ಅಂತ ಗೊತ್ತಾದ ದಿನ ನಾಪೋಕ್ಲಿನ ಬೆಳೆಗಾರ ಏನು ಮಾಡುತ್ತಾನೆ? ಮುನ್ನೂರು ಚೀಲ ಬಂದರೆ ಇನ್ನೂರು ಅಂತ ಬರೆಯುತ್ತಾನೆ. ‘ನನ್ನ ಫಸಲಿನ ಲೆಕ್ಕ ನಾನೇ ಕೊಳ್ಳುವವನ ಕೈಗೆ ಕೊಡಬೇಕಾ?’ ಅಂತ ಕೇಳುತ್ತಾನೆ. ಕೇಳುವುದು ನ್ಯಾಯ. 1990ರ ದಶಕದವರೆಗೆ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು, 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ತನ್ನ ಬೆಳೆ ತಾನೇ ಮಾರುವ ಹಕ್ಕು ಸಿಕ್ಕಿದ್ದನ್ನು ನೋಡಿದ ತಲೆಮಾರು ಇನ್ನೂ ಕಣದಲ್ಲಿ ಕೂತಿದೆ.

ಅಮೆರಿಕದಲ್ಲೂ ಹೀಗೇ ಆಯಿತು. 2013ರಲ್ಲಿ ಬೀಜದ ಕಂಪನಿ ಮಾನ್ಸಾಂಟೊ, ಹವಾಮಾನ ಮತ್ತು ಹೊಲದ ಲೆಕ್ಕ ನೋಡುವ ಕ್ಲೈಮೇಟ್ ಕಾರ್ಪೊರೇಷನ್ ಅನ್ನು ಕೊಂಡಿತು. ನಮ್ಮ ಹೊಲದ ಮಾಹಿತಿ ಯಾರದ್ದು ಅಂತ ರೈತರು ಕೇಳಿದರು. 2014ರಲ್ಲಿ ರೈತ ಸಂಘಟನೆಗಳೂ ಕಂಪನಿಗಳೂ ಕೂತು, ಮಾಹಿತಿ ರೈತನದ್ದೇ ಅಂತ ಒಂದು ಒಪ್ಪಂದಕ್ಕೆ ಬಂದವು.

ಹಾಗಾಗಿ ದುಡ್ಡು ಬರುವ ಮೊದಲೇ ಬರೆಸಿ: ಒಂದೊಂದು ತೋಟದ ಇಳುವರಿ, ದಾಸ್ತಾನು ಹೂಡಿಕೆದಾರ ಕಂಪನಿಗೆ ಹೋಗುವುದಿಲ್ಲ. ಗಡಿಯ ನಕ್ಷೆ ಹೋಗುವುದು ಬೆಳೆಗಾರ ಒಪ್ಪಿದರೆ ಮಾತ್ರ, ಅದೂ ಅವನು ಆ ಕಂಪನಿಗೆ ಮಾರಿದ ಚೀಲಗಳಿಗೆ ಮಾತ್ರ. ಬೆಳೆಗಾರರಿಗೆ ಇದನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ. ಹೆಸರು, ಫೋನ್ ನಂಬರ್ ಇಟ್ಟುಕೊಳ್ಳುವುದರಿಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಯೂ, ಹಂತ ಹಂತವಾಗಿ ಜಾರಿಯಾದಂತೆ, ನಿಮಗೆ ಅನ್ವಯಿಸುತ್ತದೆ. ಕಾಯಿದೆ ಬಿಡಿ, ಗೋಣಿಕೊಪ್ಪದ ಸಂತೆಯಲ್ಲಿ ಒಂದು ಸಲ ಹೆಸರು ಕೆಟ್ಟರೆ ಮುಗಿಯಿತು.

ಹೆಜ್ಜೆ 8: ಕಾಗದ

ಇದಕ್ಕೆ ಒಬ್ಬ ಕಂಪನಿ ಸೆಕ್ರೆಟರಿ ಬೇಕು, ನಾನು ಗಡುವು ಮಾತ್ರ ಹೇಳುತ್ತೇನೆ. ಶೇರು ಕೊಡಲು ನೋಂದಾಯಿತ ವ್ಯಾಲ್ಯುವರ್‌ನಿಂದ ಬೆಲೆಯ ವರದಿ, ಷೇರುದಾರರ ವಿಶೇಷ ನಿರ್ಣಯ, ಶೇರು ಕೊಡುವ ಪ್ರಸ್ತಾವದ ಪಿಎಎಸ್-4 ಪತ್ರ. ದುಡ್ಡು ಬರಬೇಕಾದ್ದು ಪ್ರತ್ಯೇಕ ಬ್ಯಾಂಕ್ ಖಾತೆಗೆ. ಬಂದ 60 ದಿನದೊಳಗೆ ಶೇರು ಹಂಚಬೇಕು, ಹಂಚಿದ 15 ದಿನದೊಳಗೆ ಹಂಚಿಕೆಯ ವಿವರದ ಪಿಎಎಸ್-3 ಸಲ್ಲಿಸಬೇಕು. ಸಲ್ಲಿಸುವ ತನಕ ಆ ದುಡ್ಡು ಮುಟ್ಟುವಂತಿಲ್ಲ, ಇದನ್ನು ಮರೆತು ಸಂಬಳ ಕೊಟ್ಟವರನ್ನು ನೋಡಿದ್ದೇನೆ. ಹೂಡುವವರು ವಿದೇಶಿ ಕಂಪನಿಯಾದರೆ ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವಿದೇಶಿ ಹೂಡಿಕೆಯ ವರದಿ ಎಫ್‌ಸಿ-ಜಿಪಿಆರ್. ಏಂಜೆಲ್ ಟ್ಯಾಕ್ಸ್ (ನ್ಯಾಯವಾದ ಬೆಲೆಗಿಂತ ಜಾಸ್ತಿಗೆ ಶೇರು ಕೊಟ್ಟರೆ ಬೀಳುತ್ತಿದ್ದ ತೆರಿಗೆ) ಅಂತ ಹೆದರಿಸುತ್ತಿದ್ದರಲ್ಲ, ಅದನ್ನು 2024ರ ಬಜೆಟ್ಟಿನಲ್ಲಿ ತೆಗೆದರು.

ಬೆಲೆ ಕಟ್ಟುವುದರಲ್ಲೇ ಜಗಳ ನಿಂತರೆ ಕನ್ವರ್ಟಿಬಲ್ ನೋಟ್, ಅಂದರೆ ಮುಂದೆ ಶೇರಾಗಿ ಬದಲಾಗುವ ಸಾಲ, ಕೇಳಿ. ಮಾನ್ಯತೆ ಪಡೆದ ಸ್ಟಾರ್ಟಪ್ ಒಬ್ಬರಿಂದ ಒಂದೇ ಕಂತಿನಲ್ಲಿ 25 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಹೀಗೆ ತಗೊಳ್ಳಬಹುದು. ಬೆಲೆ ಮುಂದಿನ ಸುತ್ತಿನಲ್ಲಿ ತೀರ್ಮಾನವಾಗುತ್ತದೆ.

ವಕೀಲರನ್ನು ಮಾತ್ರ ನೀವೇ ಹುಡುಕಿ. ‘ನಮ್ಮ ವಕೀಲರೇ ನಿಮ್ಮದ್ದೂ ನೋಡುತ್ತಾರೆ, ಖರ್ಚು ಉಳಿಯುತ್ತದೆ’ ಅಂತ ನಾವೂ ಎಷ್ಟೋ ಜನರಿಗೆ ಹೇಳುತ್ತಿದ್ದೆವು. ಒಪ್ಪಿದವರೇ ಜಾಸ್ತಿ.

ಆ ಹುಡುಗರು ಎಂಟನೇ ಪುಟದ ಸಾಲಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಮೂರು ವಾರ ಉತ್ತರ ಇಲ್ಲ. ಇಬ್ಬರೂ ನನಗೆ ದಿನಾ ಫೋನ್ ಮಾಡಿ, ತಪ್ಪು ಮಾಡಿದೆವಾ ಅಂತ ಕೇಳುತ್ತಿದ್ದರು. ಆಮೇಲೆ ಮೇಲ್ ಬಂತು: ಐದು ವರ್ಷ ಒಂದೂವರೆಯಾಗಿದೆ, ಇಬ್ಬರು ಪ್ರತಿಸ್ಪರ್ಧಿಗಳ ಹೆಸರು ಮಾತ್ರ ಇದೆ, ರೋಫರ್ ಹಾಗೇ ಇದೆ. ಖರೀದಿ ವಿಭಾಗದಿಂದ ಇಬ್ಬರು ಕಣ ನೋಡಲು ಬರುತ್ತಾರಂತೆ. ರೋಫರ್ ಬಗ್ಗೆ ಮಾತಾಡಲು ನಾಳೆ ಸಂಜೆ ಹುಡುಗರು ಮತ್ತೆ ನಮ್ಮ ಮನೆಗೆ ಬರುತ್ತಿದ್ದಾರೆ, ಈ ಸಲ ಕ್ಯಾಲ್ಕುಲೇಟರ್ ತರಲು ಹೇಳಿದ್ದೇನೆ.